ಪುಣೆ: ನಮ್ಮ ಕನ್ನಡ ಸಭೆ ಹೊರಗಿನ ಮಂದಿಗೆ ಏನ್ ಮಾಡಬಹುದು?

ಖಡಕಿ ಹುಡುಗ:
ಎಲ್ಲಾರಿಗೂ ವಂದನೆ. ನಮ್ದು ಪುಣೆಯಾಗ ಒಂದು ಸಣ್ಣ ಕನ್ನಡ ಸಭೆ, ಅಂದ್ರ ಕ್ರೈಸ್ತರ ಚರ್ಚು, ಅಜ್ಜ ಅಜ್ಜಿ ಕಾಲಕ್ಕ ಬೀದರ್ ಕಲಬುರ್ಗಿ ಕಡಿಂದ ರೈಲ್ವೆ, ಫ್ಯಾಕ್ಟರಿ ಕೆಲಸಕ್ಕಂತ ಬಂದು ಇಲ್ಲೇ ಉಳಿದ ಕುಟುಂಬಗಳು. ರವಿವಾರ ಕನ್ನಡದಾಗ ಆರಾಧನೆ, ಮುಗದ ಮ್ಯಾಲ ಚಹಾ, ಆಮ್ಯಾಲ ಮನಿ, ಅಷ್ಟೇ. ಕ್ರಿಸ್‌ಮಸ್ಸಿಗೆ ಕ್ಯಾರಲ್ಸ್ ಹೋಗ್ತೀವಿ ಅದೂ ನಮ್ ನಮ್ಮವರ ಮನೀಗೇ. ಎದುರಿನ ಕಿರಾಣಿ ಅಂಗಡಿಯವಗ ಕೂಡ ನಾವು ಒಳಗ ಏನ್ ಮಾಡ್ತೀವಿ ಗೊತ್ತಿಲ್ಲ.

ಈ ಕಡೆ ವಾಘೋಲಿ, ಹಿಂಜವಡಿ ಕಟ್ಟಡ ಕೆಲಸದ ಸೈಟಿನ್ಯಾಗ ನೋಡಿದ್ರ ಯಾದಗಿರಿ, ವಿಜಯಪುರ ಕಡೆ ಮಂದಿ ತಗಡಿನ ಶೆಡ್ಡಿನಾಗ ಇರ್ತಾರ, ಮಕ್ಕಳು ಉಸುಕಿನ ಮ್ಯಾಲ ಆಡ್ಕೋತ ಇರ್ತಾವ, ನಮ್ಮದೇ ಮಾತು ನಮ್ಮದೇ ಊಟ, ಆದ್ರ ನಮಗೂ ಅವರಿಗೂ ಪರಿಚಯನ ಇಲ್ಲ. ಯೂತ್ ಗ್ರೂಪಿನಾಗ ಇದನ್ನ ಎತ್ತಿದ್ರ ಕಮಿಟಿ ಹಿರಿಯರು ಮತಾಂತರ ಅಂತ ಗದ್ದಲ ಆಗ್ತದ ಸುಮ್ನಿರ್ರಿ ಅಂತಾರ, ಇನ್ನ ಕೆಲವರು ಕರಪತ್ರ ಹಂಚಿ ಬಂದ್ರ ಆತು ಅಂತಾರ. ನನಗ ಎರಡೂ ಸರಿ ಅನಸವಲ್ದು. ನಿಮ್ಮ ಸಭೆಯೊಳಗ ಏನರ ಮಾಡೀರೇನು? ದಯವಿಟ್ಟು ಹೇಳ್ರಿ.

ಪರೇಲ್‌ನಿಂದ:
ನಾವು ಮೂಲ ಮಂಗಳೂರಿನವರು, ಬಾಸೆಲ್ ಮಿಶನ್ ಅನ್ನುವ ಹಳೆಯ ಮಿಶನರಿ ಸಂಸ್ಥೆ ಕಡೆಯವರು, ಈಗ ಮುಂಬೈ. ನಮ್ಮ ಸಭೆಯ ಕೆಲವರು ಟಾಟಾ ಆಸ್ಪತ್ರೆಗೆ ಹೋಗ್ತೇವೆ, ರೋಗಿಗಳಿಗೆ ಕನ್ನಡ ಮಾತಾಡ್ಲಿಕ್ಕೆ. ಕೇಳ್ಲಿಕ್ಕೆ ಸಣ್ಣ ವಿಷಯ ಅನ್ನಿಸ್ಬಹುದು. ಆದ್ರೆ 1941ರಿಂದ ನಡೀತಿರೋ ಕ್ಯಾನ್ಸರ್ ಆಸ್ಪತ್ರೆ ಅದು, ದೇಶದ ಎಲ್ಲಾ ಕಡೆಯಿಂದ ಜನ ಬರ್ತಾರೆ, ಅದ್ರಲ್ಲಿ ಉತ್ತರ ಕರ್ನಾಟಕದ ಹಳ್ಳಿಯವರೂ ಇರ್ತಾರೆ, ಹಿಂದಿ ಮರಾಠಿ ಎರಡೂ ಬರುದಿಲ್ಲ, ಕೈಯಲ್ಲಿ ದಪ್ಪ ಫೈಲ್ ಹಿಡ್ಕೊಂಡು ಯಾವ ಕೌಂಟರ್ ಅಂತ ಗೊತ್ತಾಗದೆ ನಿಂತಿರ್ತಾರೆ. ಕೀಮೋ (ಕ್ಯಾನ್ಸರಿಗೆ ಕೊಡುವ ಔಷಧ) ಆದ್ಮೇಲೆ ರಕ್ತದ ಬಿಳಿ ಕಣ ಇಳಿದಿರ್ತದೆ, ಆಗ ಜ್ವರ ಬಂದ್ರೆ ನಾಳೆ ನೋಡುವ ಅಂತ ಕೂರ್ಬಾರ್ದು, ಕೂಡ್ಲೇ ಆಸ್ಪತ್ರೆಗೆ ಹೋಗ್ಬೇಕು. ಇದನ್ನ ಡಾಕ್ಟರ್ ಹೇಳಿರ್ತಾರೆ, ಮನೆಯವರಿಗೆ ತಲೆಗೆ ಹೋಗಿರುದಿಲ್ಲ ಅಷ್ಟೆ. ನಾವು ಮತ್ತೊಮ್ಮೆ ಕೇಳಿ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಡ್ತೇವೆ. ಉಳ್ಕೊಳ್ಲಿಕ್ಕೆ ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆ ಉಂಟು, ಮಕ್ಕಳಿಗೆ ಕ್ಯಾನ್ಸರ್ ಆದ್ರೆ ಸೇಂಟ್ ಜೂಡ್ ಸೆಂಟರ್ ಉಂಟು, ಇದೆಲ್ಲ ಆಸ್ಪತ್ರೆಯ ಸೋಶಿಯಲ್ ವರ್ಕರ್‌ಗಳ ಮೂಲಕವೇ ಕೇಳ್ಬೇಕು. ನೀವೂ ಆಸ್ಪತ್ರೆಗೆ ಹೋಗುದಾದ್ರೆ ಮೊದ್ಲು ಅವರನ್ನೇ ಕಾಣಿ, ಸೀದಾ ವಾರ್ಡಿಗೆ ನುಗ್ಗಬೇಡಿ. ನಿಮ್ಮಲ್ಲಿ ಸಸೂನ್ ಆಸ್ಪತ್ರೆ ಇದೆಯಲ್ಲ.

ಪ್ರಾರ್ಥನೆ? ಅವರಾಗಿ ಕೇಳಿದ್ರೆ ಮಾಡ್ತೇವೆ, ಕೇಳದಿದ್ರೆ ಇಲ್ಲ. ಒಂದು ಮಾತು ಖಡಾಖಂಡಿತ ಹೇಳ್ತೇನೆ, ಕಾಯಿಲೆಯವರ ಹತ್ರ ನಂಬಿದ್ರೆ ಗುಣ ಆಗ್ತದೆ ಅಂತ ಯಾರೂ ಹೇಳ್ಕೂಡದು. ಅದನ್ನ ಕೇಳಿ ಒಬ್ಬರು ಟ್ರೀಟ್‌ಮೆಂಟ್ ಅರ್ಧಕ್ಕೆ ಬಿಟ್ಟು ಊರಿಗೆ ಹೋದ್ರೂ ಆ ಪಾಪ ನಮ್ಮ ತಲೆ ಮೇಲೆ.

ಕೋಥ್ರುಡ್ ನಿವಾಸಿ:
ನಾನು ಕ್ರೈಸ್ತ ಅಲ್ಲ, ಧಾರವಾಡದವ, ಪುಣೆಗೆ ಬಂದು ಬಹಳ ವರ್ಷ ಆಯ್ತು. ಹೊರಗಿನವರಿಗೆ ಏನನ್ಸುತ್ತೆ ಅಂತ ನಿಮಗೆ ಗೊತ್ತಾಗ್ಲಿ ಅಂತ ಬರೀತಿದೀನಿ. ಅಕ್ಕಿ ಜೊತೆ ಕರಪತ್ರ ಬಂದ್ರೆ ಆ ಅಕ್ಕಿ ಮೇಲೇ ಅನುಮಾನ ಬರುತ್ತೆ, ಹಸಿದವನು ಬೇಡ ಅನ್ನೋಕೂ ಆಗಲ್ಲ ಹೂಂ ಅನ್ನೋಕೂ ಆಗಲ್ಲ, ಅವನನ್ನ ಆ ಇಕ್ಕಟ್ಟಿಗೆ ತಳ್ಳಬೇಡಿ. ಹಾಗಂತ ನೀವು ಯಾರು ಅನ್ನೋದನ್ನ ಮುಚ್ಚಿಡೋದೂ ಬೇಡ, ಇಂಥ ಚರ್ಚಿನವರು ಅಂತ ಮೊದಲ ದಿನವೇ ಹೇಳಿಬಿಡಿ, ಆಮೇಲೆ ಗೊತ್ತಾದ್ರೆ ಮೋಸ ಅನ್ಸುತ್ತೆ. ಇನ್ನೊಂದು, ನಿಮ್ಮ ಹಾಲ್ ವಾರದಲ್ಲಿ ಆರು ದಿನ ಬೀಗ ಹಾಕಿರುತ್ತಲ್ವಾ? ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ. ಶನಿವಾರ ಒಂದು ಕನ್ನಡ ಕ್ಲಾಸ್ ಇಟ್ಟರೆ ನನ್ನ ಮಗಳನ್ನ ನಾನೇ ಕರ್ಕೊಂಡು ಬರ್ತೀನಿ. ಕಿಟೆಲ್ ಅವರ ಕನ್ನಡ ನಿಘಂಟು 1894ರದ್ದು, ಅದಕ್ಕೂ ಹಿಂದೆ 1843ರಲ್ಲಿ ಮೋಗ್ಲಿಂಗ್ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ್ರು, ಇಬ್ಬರೂ ಜರ್ಮನಿಯಿಂದ ಬಂದ ಮಿಶನರಿಗಳೇ, ಆದ್ರೆ ಅವರನ್ನ ಕನ್ನಡದವರು ಯಾರೂ ಹೊರಗಿನವರು ಅನ್ನಲ್ಲ.

ವಾಸ್ಕೋ ಅಣ್ಣ:
ಗೋವಾದಾಗ ಬೈನಾ, ಝುವಾರಿನಗರ ಕಡೆ ಬಂದ್ರ ಕನ್ನಡ ಬಿಟ್ಟು ಬ್ಯಾರೆ ಕೇಳ್ಸೂದ ಕಡಿಮಿ, ಹಾವೇರಿ ಗದಗ ಬಾಗಲಕೋಟಿ ಮಂದೀನ ಬಾಳ. ತಮ್ಮಾ, ಸೈಟಿಗೆ ಹೋಗೂದಾದ್ರ ಕಂಬಳಿ ಬಿಸ್ಕಿಟ್ ಒಯ್ಯಬ್ಯಾಡ್ರಿ, ಕಾಗದ ಪತ್ರದ ಕೆಲಸ ಕಲ್ತು ಹೋಗ್ರಿ. ನಮ್ಮ ಅನುಭವದಾಗ ಇದಕ್ಕಿಂತ ಉಪಯೋಗ ಆಗೋದು ಬ್ಯಾರೆ ಏನೂ ಇಲ್ಲ.

ರೇಷನ್ ತಗೋರಿ. ಒಂದು ದೇಶ ಒಂದು ರೇಷನ್ ಕಾರ್ಡ್ ಅಂತ ಬಂದೈತಿ, ಕರ್ನಾಟಕದ ಕಾರ್ಡಿಗೆ ಆಧಾರ್ ಲಿಂಕ್ ಆಗಿದ್ರ ಗೋವಾ ಆಗ್ಲಿ ಪುಣೆ ಆಗ್ಲಿ ಬೆರಳು ಒತ್ತಿ ತಗೋಬಹುದು, ಬಿಪಿಎಲ್ ಕಾರ್ಡಿಗೆ ತಲೀಗೆ ಕೇಂದ್ರದ 5 ಕಿಲೋ. ಊರಾಗ ಉಳಿದ ಅವ್ವ ಅಪ್ಪ ತಮ್ಮ ಪಾಲು ಅಲ್ಲೇ ತಗೋಬಹುದು. ಎಷ್ಟೋ ಮಂದಿಗೆ ಇದು ಗೊತ್ತ ಇಲ್ಲ, ಮಾರ್ಕೆಟ್ ರೇಟಿಗೆ ಅಕ್ಕಿ ಕೊಳ್ತಾರ. ಸರ್ಕಾರದ ಸವಲತ್ತಿಗೆ ಬೇಕಾದ ಕಟ್ಟಡ ಕಾರ್ಮಿಕರ ಕಾರ್ಡೂ ಹಂಗ, 1996ರ ಕಾಯ್ದೆಯಿಂದ ಶುರು ಆದದ್ದು, ವಯಸ್ಸು 18ರಿಂದ 60, ಹಿಂದಿನ 12 ತಿಂಗಳೊಳಗ 90 ದಿವಸ ಕೆಲಸ ಮಾಡಿದ್ದು ತೋರಿಸ್ಬೇಕು. ಆ 90 ದಿವಸದ ಸರ್ಟಿಫಿಕೇಟಿಗೇ ಎಲ್ಲಾ ಅಡ್ಡಿ, ಠೇಕೇದಾರ ಕೊಡೂದಿಲ್ಲ, ಕೇಳಿದ್ರ ನಾಳಿಂದ ಬರಬ್ಯಾಡ ಅಂತಾನ. ಅಲ್ಲಿ ನಾಕ್ ಮಂದಿ ಓದಿದವರು ಹೋಗಿ ಕುಂತು ಸಮಾಧಾನದಿಂದ ಮಾತಾಡಿದ್ರ ಕೆಲಸ ಆಗ್ತೈತಿ. ಮುಂಜಾನೆ ಹೋದ್ರ ಯಾರೂ ಸಿಗೂದಿಲ್ಲ, ರಾತ್ರಿ ಅಡಗಿ ಆಗೂ ಹೊತ್ತಿಗೆ ಹೋಗ್ರಿ, ಹೆಣ್ಮಕ್ಕಳೂ ನಿಮ್ಮ ಜೋಡಿ ಇರಲಿ.

ಕಾಯ್ದೆ ಬಗ್ಗೆ ಹಿರಿಯರ ಹೆದರಿಕಿ ಸುಳ್ಳಲ್ಲ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಟ್ಟೈತಿ, ಆದ್ರ ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕು ಅದರಾಗ ಬರೂದಿಲ್ಲ ಅಂತ ಸುಪ್ರೀಂ ಕೋರ್ಟ್ 1977ರ ಸ್ಟೆನಿಸ್ಲಾಸ್ ಕೇಸಿನಾಗ ಹೇಳೈತಿ. ಅದಕ್ಕ ಸಹಾಯಕ್ಕೂ ನಂಬಿಕಿಗೂ ಗಂಟ್ ಹಾಕಬ್ಯಾಡ್ರಿ, ಸೈಟಿನ ಮಾಲೀಕರ ಪರವಾನಗಿ ಬರವಣಿಗಿಯೊಳಗ ತಗೋರಿ, ಮಕ್ಕಳ ಫೋಟೋ ತಗದು ವಾಟ್ಸಾಪಿಗೆ ಹಾಕಬ್ಯಾಡ್ರಿ.

ಖಡಕಿ ಹುಡುಗ:
ಎಲ್ಲಾರಿಗೂ ಮನಸಾರೆ ಥ್ಯಾಂಕ್ಸ್. ಕೋಥ್ರುಡ್ ಸರ್, ನಿಮ್ಮ ಮಾತು ಓದಿ ಕರಪತ್ರದ ವಿಚಾರ ಪೂರಾ ಬಿಡ್ತೀವಿ ಅಂತ ಯೂತ್ ಗ್ರೂಪಿನಾಗ ಎಲ್ಲಾರೂ ಒಪ್ಪಿದ್ರು. ಕಮಿಟಿಯವರಿಗೆ ಅಣ್ಣಾರ ರೇಷನ್ ವಿಷಯ ಓದಿ ತೋರ್ಸಿದೆ, ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಹಿರಿಯರು ಫಾರ್ಮ್ ತುಂಬೂ ಕೆಲಸಕ್ಕ ನಾ ಬರ್ತೀನಿ ಅಂದ್ರು, ಅವರೇ ಮೊದಲಿಗೆ ಬಾಳ ವಿರೋಧ ಮಾಡಿದವರು. ವಾಘೋಲಿ ಕಡೆ ಒಂದೇ ಸೈಟಿನಿಂದ ಚಾಲೂ ಮಾಡ್ತೀವಿ, ಎರಡು ಮೂರು ಕಡೆ ಕೈ ಹಾಕೂದಿಲ್ಲ. ಶನಿವಾರದ ಕನ್ನಡ ಕ್ಲಾಸಿಗೆ ಹಾಲ್ ಕೊಡ್ಲಿಕ್ಕೆ ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಹೂಂ ಅಂದಾರ, ಪಾಠದಾಗ ಬೈಬಲ್ ಇರೂದಿಲ್ಲ ಅಂತ ಅವರೇ ಮುಂದಾಗಿ ಹೇಳಿದ್ರು. ಪರೇಲ್ ಅಣ್ಣಾರ, ನೀವು ರೋಗಿಗಳಿಗೆ ಬರದು ಕೊಡೋ ಆ ಕನ್ನಡ ಹಾಳೆ ಒಂದು ಮಾದರಿ ಇದ್ರ, ಹೆಸರು ಊರು ತಗದು, ಇಲ್ಲಿ ಹಾಕ್ತೀರೇನು? ಸಸೂನಿನ ಸೋಶಿಯಲ್ ವರ್ಕರ್ ಮೇಡಮ್ ಅವರನ್ನ ಕಾಣ್ಲಿಕ್ಕೆ ಹೋಗುವಾಗ ತೋರ್ಸಬೇಕಾಗೇದ.

ಪರೇಲ್‌ನಿಂದ:
ಖಂಡಿತ, ಈ ವಾರ ಟೈಪ್ ಮಾಡಿ ಹಾಕ್ತೇನೆ. ಔಷಧದ ಹೆಸರು, ಡೋಸ್ ಮಾತ್ರ ನಾವು ಬರೆಯುದಿಲ್ಲ, ಅದು ಡಾಕ್ಟರ ಚೀಟಿಯಲ್ಲೇ ಇರ್ಲಿ. ಮುಂದಿನ ತಾರೀಕು, ಯಾವ ಬಿಲ್ಡಿಂಗ್, ಖಾಲಿ ಹೊಟ್ಟೆಯಲ್ಲಿ ಬರ್ಬೇಕಾ, ಯಾವ ಲಕ್ಷಣ ಕಂಡ್ರೆ ಓಡಿ ಬರ್ಬೇಕು, ಇಷ್ಟೇ ಇರ್ತದೆ. ಓದ್ಲಿಕ್ಕೆ ಬಾರದವರಿಗೆ ಅವರ ಫೋನಿನಲ್ಲೇ ನಮ್ಮ ಧ್ವನಿ ರೆಕಾರ್ಡ್ ಮಾಡಿ ಕೊಡಿ.