ನೆಟ್‌ಪ್ಲ್ಯಾನ್ ಫೈಲ್‌ನಲ್ಲಿ ಎರರ್, ಆದರೆ ತೋರಿಸುವ ಸಾಲು ಸರಿಯಾಗೇ ಇದೆ

ಪ್ರಶ್ನೆ: ಮಂಡ್ಯದಲ್ಲಿ ಮಕ್ಕಳ ಲ್ಯಾಬ್‌ಗೆ ಉಬುಂಟು 22.04 ಸರ್ವರ್ ಹಾಕುತ್ತಿದ್ದೇನೆ. ನೆಟ್‌ಪ್ಲ್ಯಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಟೂಲ್) ಫೈಲ್‌ನಲ್ಲಿ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಬರೆದು ನೆಟ್‌ಪ್ಲ್ಯಾನ್ ಅಪ್ಲೈ ಕೊಟ್ಟರೆ ‘ಇನ್‌ಕನ್ಸಿಸ್ಟೆಂಟ್ ಇಂಡೆಂಟೇಶನ್’, ಅಂದರೆ ಸಾಲುಗಳ ಶುರುವಿನ ಸ್ಪೇಸ್ ಹೊಂದುತ್ತಿಲ್ಲ ಅನ್ನುತ್ತದೆ. ತೋರಿಸುವ ಸಾಲಿನಲ್ಲಿ ಏನೂ ತಪ್ಪು ಕಾಣುತ್ತಿಲ್ಲ. ಸೋಮವಾರ ಕ್ಲಾಸ್ ಶುರು, ದಯವಿಟ್ಟು ಯಾರಾದರೂ ಹೇಳಿ.

ಉತ್ತರ 1: ಆ ಸಾಲು ಪಾರ್ಸರ್ (ಫೈಲ್ ಓದುವ ಪ್ರೋಗ್ರಾಂ) ಸಿಕ್ಕಿಹಾಕಿಕೊಂಡ ಜಾಗ ಅಷ್ಟೇ, ತಪ್ಪು ಜಾಸ್ತಿ ಸಲ ಅದರ ಮೇಲಿನ ಸಾಲಿನಲ್ಲೇ ಇರುತ್ತದೆ. ಅಡ್ರೆಸಸ್, ರೂಟ್ಸ್, ನೇಮ್‌ಸರ್ವರ್ಸ್ ಮೂರೂ ಇಂಟರ್‌ಫೇಸ್ (ನೆಟ್‌ವರ್ಕ್ ಕಾರ್ಡ್) ಹೆಸರಿನ ಕೆಳಗೆ ಒಂದೇ ಕಾಲಂನಲ್ಲಿ ಶುರುವಾಗಬೇಕು, ಒಂದು ಸ್ಪೇಸ್ ಆಚೀಚೆ ಆದರೂ ಕೆಡುತ್ತದೆ. ಯಾಮಲ್‌ನಲ್ಲಿ (ಈ ಫೈಲ್ ಬರೆಯುವ ಫಾರ್ಮ್ಯಾಟ್) ಇಂಡೆಂಟ್‌ಗೆ ಟ್ಯಾಬ್ ನಡೆಯುವುದಿಲ್ಲ. ಕ್ಯಾಟ್ ಕಮಾಂಡ್‌ಗೆ ದೊಡ್ಡ ‘ಎ’ ಆಪ್ಶನ್ ಕೊಟ್ಟು ಫೈಲ್ ನೋಡಿ, ಅಡಗಿರುವ ಟ್ಯಾಬ್ ಎಲ್ಲ ಕಾಣಿಸುತ್ತದೆ.

ಉತ್ತರ 2 (ಮೈಸೂರಿನಿಂದ): ಮೇಲಿನದು ಸರಿ. ಜೊತೆಗೆ ಕೋಲನ್ ಆದಮೇಲೆ ಸ್ಪೇಸ್ ಇದೆಯಾ, ಐಪಿ ಕೊನೆಯಲ್ಲಿ ನೆಟ್‌ವರ್ಕ್ ಗಾತ್ರ ಹೇಳುವ /24 ತರಹದ ಸಂಖ್ಯೆ ಇದೆಯಾ ನೋಡಿ. ‘ಗೇಟ್‌ವೇ4’ ಹಳೇ ಪದ್ಧತಿ, ಅದಕ್ಕೆ ಬರೀ ವಾರ್ನಿಂಗ್ ಬರುತ್ತದೆ, ಆದರೂ ರೂಟ್ಸ್ ಕೆಳಗೆ ‘ಟು: ಡಿಫಾಲ್ಟ್’, ‘ವಯಾ’ ಅಂತ ಬರೆಯುವುದೇ ಒಳ್ಳೆಯದು. ಮೊದಲು ನೆಟ್‌ಪ್ಲ್ಯಾನ್ ಜನರೇಟ್ ಕೊಡಿ, ಸಿಂಟ್ಯಾಕ್ಸ್ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಅಪ್ಲೈ ಬದಲು ನೆಟ್‌ಪ್ಲ್ಯಾನ್ ಟ್ರೈ ಕೊಡಿ, 120 ಸೆಕೆಂಡ್‌ನಲ್ಲಿ ನೀವು ಎಂಟರ್ ಒತ್ತದಿದ್ದರೆ ಹಳೇ ಸೆಟ್ಟಿಂಗ್‌ಗೇ ವಾಪಸ್ ಹೋಗುತ್ತದೆ. ಎಸ್‌ಎಸ್‌ಎಚ್‌ನಲ್ಲಿ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್ ಆಗಿ) ಕೆಲಸ ಮಾಡುತ್ತಿದ್ದರೆ ಇದು ಬೇಕೇ ಬೇಕು. ಆಮೇಲೂ ಆಗದಿದ್ದರೆ ಫೈಲ್ ಪೂರ್ತಿ ಹಾಕಿ, ನೋಡೋಣ.