ಕೋಳಿಯ ‘ವೆಂಟ್’ಗೆ ನಿಮ್ಮ ಕಡೆ ಏನಂತಾರೆ?

ಗೆಳೆಯರೇ,

ಪ್ರಶ್ನೆ ಸ್ವಲ್ಪ ಮುಜುಗರದ್ದು, ಆದರೂ ಕೇಳಿಬಿಡುತ್ತೇನೆ. ಕೋಳಿಯ ಬಾಲದ ಕೆಳಗೆ ಹಿಕ್ಕೆಯೂ ಮೊಟ್ಟೆಯೂ ಹೊರಬರುವ ಒಂದೇ ಒಂದು ಕಂಡಿ ಇದೆಯಲ್ಲ, ಇಂಗ್ಲಿಷಿನವರು ‘ವೆಂಟ್’ ಅನ್ನುವುದು, ಅದಕ್ಕೆ ಕನ್ನಡದಲ್ಲಿ ಹೆಸರೇನು?

ಇದು ಸುಮ್ನೆ ಹೊಳೆದ ಪ್ರಶ್ನೆಯಲ್ಲ. ನಮ್ಮ ಹಿತ್ತಿಲಲ್ಲಿ ಆರು ಕೋಳಿಗಳಿವೆ. ಎರಡು ಗಿರಿರಾಜ, ಉಳಿದವು ನಾಟಿ. ಅವುಗಳಲ್ಲೊಂದು ಎರಡು ವರ್ಷದ ಹೇಂಟೆ, ಅಮ್ಮ ಅದನ್ನು ಚುಕ್ಕಿ ಅಂತ ಕರೆಯುತ್ತಾರೆ. ಹೋದ ತಿಂಗಳು ಅದು ಮೇಯುವುದು ಬಿಟ್ಟು, ರೆಕ್ಕೆ ಇಳಿಬಿಟ್ಟುಕೊಂಡು, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ತೂಕಡಿಸುತ್ತಾ ನಿಂತಿತು. ಜುಟ್ಟು ಬಿಳಚಿಕೊಂಡಿತ್ತು. ಎತ್ತಿ ತಿರುಗಿಸಿ ನೋಡಿದರೆ ಬಾಲದ ಕೆಳಗಿನ ಪುಕ್ಕವೆಲ್ಲ ಗಂಜಿ ಒಣಗಿದ ಹಾಗೆ ಬಿಳಿಯಾಗಿ, ಗಟ್ಟಿಯಾಗಿ ಅಂಟಿಕೊಂಡಿತ್ತು. ದೋಸೆ ಹಿಟ್ಟು ಮೂರು ದಿನ ಮರೆತರೆ ಬರುತ್ತದಲ್ಲ, ಹೆಚ್ಚುಕಮ್ಮಿ ಅದೇ ವಾಸನೆ.

ಪಶುವೈದ್ಯರಿಗೆ ಫೋನ್ ಮಾಡಿದೆ. ನನಗೋ ಭಾಷೆಯ ಮೇಲೆ ಭಾರೀ ಹಿಡಿತ ಇದೆ ಅನ್ನುವ ಜಂಬ. “ಸಾರ್, ಕೋಳಿಗೆ ಬಿಳಿ ಭೇದಿ ಆಗಿದೆ, ಗುದದ್ವಾರದಲ್ಲಿ ಸೋಂಕು” ಅಂದೆ.

“ಮರಿ ಎಷ್ಟು ದಿನದ್ದು?” ಅಂದರು.

“ಮರಿಯಲ್ಲ ಸಾರ್, ಮೊಟ್ಟೆ ಇಡೋ ಹೇಂಟೆ.”

“ಕತ್ತು ತಿರುಚುತ್ತಾ?”

“ಇಲ್ಲ.”

“ಹಿಕ್ಕೆಯೇ ನೀರಾಗಿದೆಯೋ, ಇಲ್ಲ ಅಲ್ಲಿಂದ ಏನಾದ್ರೂ ಸೋರ್ತಾ ಇದೆಯೋ?”

ಅಲ್ಲಿಂದ ಅಂದರೆ ಎಲ್ಲಿಂದ ಅಂತ ನಾನು ತಡವರಿಸಿದೆ. ಕೊನೆಗೆ ಅವರೇ “ವೆಂಟ್ ರೀ, ವೆಂಟ್! ಕೆಂಪಗೆ ಊದಿದೆಯಾ?” ಅಂದಾಗ ಇಬ್ಬರಿಗೂ ವಿಷಯ ಅರ್ಥವಾಯಿತು.

ಅವರು ಮರಿ ಎಂದು ಯಾಕೆ ಕೇಳಿದರು ಅನ್ನುವುದು ಆಮೇಲೆ ತಿಳಿಯಿತು. ಅವರ ಭಾಷೆಯಲ್ಲಿ ‘ಬಿಳಿ ಭೇದಿ’ ಒಂದು ರೋಗದ ಹೆಸರು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಿಂದ ಎಳೆಯ ಮರಿಗಳಿಗೆ ಬರುವಂಥದ್ದು, ಹಿಂಭಾಗಕ್ಕೆ ಹಿಕ್ಕೆ ಅಂಟಿ, ದಾರಿ ಕಟ್ಟಿಕೊಂಡು ಮರಿಗಳು ಸಾಯುತ್ತವೆ. ನಾನು ಹೇಳಿದ್ದು ಬರೀ ಬಣ್ಣ. ಅದೂ ತಪ್ಪೇ. ಕೋಳಿ ಹಿಕ್ಕೆಯ ಮೇಲೆ ಬಿಳಿ ಟೋಪಿ ಇರುವುದು ಸಹಜ, ಅದು ಅದರ ಮೂತ್ರ. ಹಕ್ಕಿಗಳಿಗೆ ಉಚ್ಚೆ ಬೇರೆ, ಹಿಕ್ಕೆ ಬೇರೆ ಅಂತಿಲ್ಲ. ಹಾಗೆಯೇ ನಾಲ್ಕಾರು ಸಲ ಗಟ್ಟಿ ಹಿಕ್ಕೆ ಹಾಕಿ ಒಂದು ಸಲ ಕಂದು ಬಣ್ಣದ, ಅಂಟಂಟಾದ, ಗಬ್ಬು ನಾರುವ ಹಿಕ್ಕೆ ಹಾಕುತ್ತದೆ. ಅದು ಕುರುಡುಕರುಳಿನಿಂದ, ಅಂದರೆ ತುದಿ ಮುಚ್ಚಿದ ಕರುಳಿನ ಕವಲಿನಿಂದ ಬರುವುದು, ರೋಗವಲ್ಲ. ಅದನ್ನು ನೋಡಿ ಗಾಬರಿಯಾದವರಲ್ಲಿ ನಾನೂ ಒಬ್ಬ. ಗಾಬರಿಯಾಗಬೇಕಾದ್ದು ಹಿಕ್ಕೆಯಲ್ಲಿ ರಕ್ತ ಕಂಡಾಗ. ಅದಕ್ಕೆ ‘ರಕ್ತಭೇದಿ’ ಅನ್ನುವ ಚೆನ್ನಾದ ಹೆಸರಿದೆ. ಕಾಕ್ಸಿಡಿಯಾ ಅನ್ನುವ ಕರುಳಿನ ಪರಾವಲಂಬಿಯ ಕೆಲಸ ಅದು, ಆಂಪ್ರೋಲಿಯಮ್ ಪುಡಿಯನ್ನು ನೀರಿನಲ್ಲಿ ಕೊಡುತ್ತಾರೆ. ಬಿ1 ವಿಟಮಿನ್ನಿನ ವೇಷ ಹಾಕಿಕೊಂಡು ಹೋಗಿ ಆ ಜೀವಿಯನ್ನು ಉಪವಾಸ ಕೆಡಹುವ ಔಷಧಿ ಅದು. ಅದರ ಜೊತೆಗೇ ‘ಶಕ್ತಿ ಬರಲಿ’ ಅಂತ ವಿಟಮಿನ್ ಟಾನಿಕ್ ಸುರಿದರೆ ಎರಡೂ ದಂಡ.

ಚುಕ್ಕಿಗೆ ಆಗಿದ್ದು ಇದ್ಯಾವುದೂ ಅಲ್ಲ. ಸೋರಿದ್ದನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು “ಯೀಸ್ಟ್” ಅಂದರು. ಅಂದರೆ ಬೂಷ್ಟಿನ ಜಾತಿ. ಅದಕ್ಕೆ ಕಾರಣ ಬಹುಶಃ ನಾನೇ. ಅದರ ಹಿಂದಿನ ವಾರ ಹೊಟ್ಟೆ ಕೆಟ್ಟಿದೆ ಅಂದುಕೊಂಡು ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಪುಡಿಯನ್ನು ನೀರಿಗೆ ಬೆರೆಸಿ ಇಟ್ಟಿದ್ದೆ. “ಕರುಳಿನ ಒಳ್ಳೆ ಬ್ಯಾಕ್ಟೀರಿಯಾನೆಲ್ಲ ಕೊಂದು ಬೂಷ್ಟಿಗೆ ಗೊಬ್ಬರ ಹಾಕಿದ್ರಿ” ಅಂತ ಬೈಸಿಕೊಂಡೆ. ಬೂಷ್ಟಿನ ಔಷಧಿ ನಿಸ್ಟಾಟಿನ್ ಬಾಯಿಗೆ, ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಭಾಗ ನೆನೆಸಿ ತೊಳೆಯುವುದು, ಅಂಟಿದ ಪುಕ್ಕ ಕತ್ತರಿಸುವುದು, ನೊಣ ಕೂತು ಹುಳ ಬಿದ್ದಿಲ್ಲ ತಾನೆ ಅಂತ ನೋಡುವುದು, ಪೂರ್ತಿ ಒಣಗಿಸಿ ಬೇರೆ ಬುಟ್ಟಿಯಲ್ಲಿ ಇಡುವುದು. ಬೇರೆ ಇಡದಿದ್ದರೆ ಉಳಿದ ಕೋಳಿಗಳು ಕೆಂಪು ಕಂಡಲ್ಲಿ ಕುಕ್ಕಿ ಕುಕ್ಕಿ ಕರುಳು ಎಳೆದುಬಿಡುತ್ತವೆ. ವೈದ್ಯರು ಸರಿ ಅನ್ನುವವರೆಗೂ ಅದರ ಮೊಟ್ಟೆ ಯಾರೂ ತಿನ್ನಲಿಲ್ಲ.

ಈಗ ಪದಕ್ಕೆ ಬರುತ್ತೇನೆ. ಆ ಹದಿನೈದು ದಿನ ತೊಳೆಯುತ್ತಾ ಕೂತಾಗ ತಲೆಯಲ್ಲಿ ಇದೇ ಓಡುತ್ತಿತ್ತು.

‘ಗುದದ್ವಾರ’ ತಪ್ಪು. ಗುದದಿಂದ ಮೊಟ್ಟೆ ಬರುವುದಿಲ್ಲ. ‘ತಿಕ’ ಅನ್ನುವುದಕ್ಕೆ ನನಗೇನೂ ಮಡಿಯಿಲ್ಲ, ಮನೆಯಲ್ಲಿ ಎಲ್ಲರೂ ಅದನ್ನೇ ಅನ್ನುವುದು. ಆದರೆ ತಿಕ ಅಂದರೆ ಹಿಂಭಾಗವೆಲ್ಲ ಬಂತು, ಆ ಬಾಯಿಯೊಂದೇ ಅಲ್ಲ. ಹಿಂದಿಯ ಜೀವಶಾಸ್ತ್ರದ ಪುಸ್ತಕಗಳಲ್ಲಿ ‘ಅವಸ್ಕರ’ ಎಂದಿದೆ. ಅದು ಒಳಗಿನ ಕೋಣೆಗೆ, ಅಂದರೆ ‘ಕ್ಲೊಯಾಕ’ಕ್ಕೆ. ಲ್ಯಾಟಿನ್ನಿನಲ್ಲಿ ಕ್ಲೊಯಾಕ ಅಂದರೆ ಚರಂಡಿ, ಪುರಾತನ ರೋಮಿನ ದೊಡ್ಡ ಮೋರಿಗೆ ಕ್ಲೊಯಾಕಾ ಮ್ಯಾಕ್ಸಿಮಾ ಅಂತಲೇ ಹೆಸರು. ಹಾಗಾದರೆ ಒಳಗಿನದಕ್ಕೆ ನಾವು ‘ಬಚ್ಚಲು’ ಅನ್ನಬಹುದಲ್ವಾ? ಹೊರಗಿನ ಬಾಯಿಗೆ ನನಗೆ ಹೊಳೆದದ್ದು ‘ತೂಬು’. ಕೆರೆಯ ತೂಬಿನ ಹಾಗೆ ಯಾವಾಗಲೂ ಮುಚ್ಚಿರುತ್ತದೆ, ಬೇಕಾದಾಗ ಮಾತ್ರ ತೆರೆಯುತ್ತದೆ. ಮೊಟ್ಟೆ ಇಡುವಾಗಂತೂ ಮೊಟ್ಟೆನಾಳದ ತುದಿಯೇ ಮಗುಚಿಕೊಂಡು ತೂಬಿನ ಬಾಯಿಗೆ ಬರುತ್ತದೆ, ಹಾಗಾಗಿ ಮೊಟ್ಟೆಗೆ ಹಿಕ್ಕೆ ತಾಗುವುದಿಲ್ಲ. ಅಮ್ಮನಿಗೆ ಹೇಳಿದರೆ, “ಕೋಳಿಗೆ ತೂಬಂತೆ! ಹಾಗೇ ಒಬ್ಬ ನೀರುಗಂಟಿನೂ ಇಡು” ಅಂದರು.

ಅಮ್ಮನ ಮಾತಿನಿಂದಲೇ ಇನ್ನೊಂದು. ನಾನು ‘ಸೋಂಕು’ ಅಂದರೆ ಅವರು ‘ನಂಜು’ ಅನ್ನುತ್ತಾರೆ. ಎರಡೂ ಒಂದೇ ಅಂದುಕೊಂಡಿದ್ದೆ, ಅಲ್ಲ. ಸೋಂಕು ಅಂದರೆ ತಾಗಿದ್ದು, ಒಬ್ಬರಿಂದ ಒಬ್ಬರಿಗೆ ಬರುವುದು. ನಂಜು ಅಂದರೆ ಗಾಯ ಕೆಟ್ಟು ವಿಷವಾಗುವುದು, ತಿಂದದ್ದರಿಂದಲೂ ಏರುವುದು. ಅದಕ್ಕೇ ಅವರು ಚುಕ್ಕಿಗೆ ಬದನೆಕಾಯಿ ತೊಟ್ಟು ಹಾಕುವುದನ್ನು ನಿಲ್ಲಿಸಿದರು. ಇದು ಮನುಷ್ಯರ ಪಥ್ಯ, ಕೋಳಿಗೆ ಅನ್ವಯವಾಗುತ್ತದೆಯೇ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಚುಕ್ಕಿಯದ್ದು ಯಾವ ಕೋಳಿಗೂ ಹರಡಲಿಲ್ಲ. ಹಾಗೆ ನೋಡಿದರೆ ಅಮ್ಮನ ಪದವೇ ಹತ್ತಿರ ಅನ್ನಿಸುತ್ತದೆ.

ಕೊನೆಯದು ವೈದ್ಯರು ಕತ್ತು ತಿರುಚುತ್ತಾ ಅಂತ ಕೇಳಿದ ರೋಗ. ಅದೇ ರಾಣಿಖೇತ್, ಹೊರದೇಶಗಳಲ್ಲಿ ನ್ಯೂಕ್ಯಾಸಲ್. ಇಂಗ್ಲೆಂಡಿನ ಆ ಊರಿನಲ್ಲಿ ಅದು ಕಾಣಿಸಿಕೊಂಡದ್ದು 1926ರಲ್ಲಿ. ಎರಡೂ ಊರಿನ ಹೆಸರು. ಕನ್ನಡದಲ್ಲಿ ಮಾತ್ರ ‘ಕೊಕ್ಕರೆ ರೋಗ’, ತೆಲುಗಿನವರೂ ‘ಕೊಕ್ಕೆರ ತೆಗುಲು’ ಅನ್ನುತ್ತಾರೆ. ಈ ಕೊಕ್ಕರೆ ಯಾವುದು? ಹಕ್ಕಿಯೇ? ಕತ್ತು ಡೊಂಕಾಗುವುದರಿಂದ ‘ಕೊಕ್ಕೆ’ಯೇ? ಇಲ್ಲ, ಬಾಯಿ ತೆರೆದು ಉಸಿರಿಗೆ ಒದ್ದಾಡುವಾಗ ಬರುವ ಕೊಕ್ ಕೊಕ್ ಸದ್ದೇ? ನನ್ನ ಮನಸ್ಸು ಸದ್ದಿನ ಕಡೆ ವಾಲುತ್ತದೆ. ಹಕ್ಕಿಯ ಹೆಸರನ್ನು ಜನ ಆಮೇಲೆ ಅದಕ್ಕೆ ಜೋಡಿಸಿರಬೇಕು. ತಮಿಳು ಬಲ್ಲವರು ಹೇಳಬೇಕು, ಅಲ್ಲಿ ‘ಕೊಕ್ಕರಿ’ ಅಂದರೆ ಕೋಳಿ ಕೂಗುವುದು.

ಕರಾವಳಿ, ಕೊಡಗು, ಬಯಲುಸೀಮೆ, ಬೆಳಗಾವಿ ಕಡೆಯವರು ಮನೆಯಲ್ಲಿ ಕೋಳಿ ಸಾಕಿದ ಅಜ್ಜಿಯರಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಕೋಳಿಯನ್ನು ತಿರುಗಿಸಿ ಹಿಡಿದು, ಬೆರಳು ತೋರಿಸಿ, “ಇದಕ್ಕೇನಂತಾರೆ?” ಅಂತಲೇ ಕೇಳಿ. ಇಲ್ಲದಿದ್ದರೆ ‘ಹಿಂದ್ಗಡೆ’ ಅಂತ ಹೇಳಿ ಸಾಗಹಾಕುತ್ತಾರೆ.

ಮರೆತೆ: ‘ಭೇದಿ’ಯನ್ನು ‘ಬೇಧಿ’ ಅಂತ ಬರೆದ ಔಷಧಿ ಚೀಟಿಯೊಂದು ನನ್ನ ಹತ್ತಿರ ಇದೆ. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೂ ಚುಕ್ಕಿಯ ಪ್ರಾಣ ಉಳಿದಿದೆ. ಕತ್ತರಿಸಿದ ಪುಕ್ಕ ಇನ್ನೂ ಪೂರ್ತಿ ಬಂದಿಲ್ಲ, ಆದರೆ ನಿನ್ನೆ ಸೌದೆ ಕೊಟ್ಟಿಗೆಯಲ್ಲಿ ಮೊಟ್ಟೆ ಇಟ್ಟು ಅರ್ಧ ಗಂಟೆ ಊರಿಗೆಲ್ಲ ಸಾರಿತು.