ಹಲ್ಲಿನ ಕ್ಯಾಪ್ ಪರೀಕ್ಷೆಯ ‘ಸ್ಟ್ರೆಂಗ್ತ್’: ತ್ರಾಣ ಎನ್ನಬಹುದೇ?

ಹಲ್ಲಿಗೆ ತೊಡಿಸುವ ಕ್ಯಾಪ್‌ಗಳಲ್ಲಿ ಬಳಸುವ ಕಾಂಪೊಸಿಟ್ (ರಾಳದಲ್ಲಿ ಗಾಜಿನಂಥ ಕಣಗಳನ್ನು ಬೆರೆಸಿದ) ವಸ್ತುಗಳ ಪರೀಕ್ಷೆಯನ್ನು ವಿವರಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ರಾಳ, ಗಾಜಿನ ಕಣ, ಬಿರುಕು, ಸವೆತ ಇವೆಲ್ಲಕ್ಕೂ ಕನ್ನಡ ಸಲೀಸಾಗಿ ಒದಗಿತು. ‘ಸ್ಟ್ರೆಂಗ್ತ್’ ಎಂಬಲ್ಲಿ ಬರವಣಿಗೆ ನಿಂತಿದೆ. ನಮ್ಮ ಭೌತಶಾಸ್ತ್ರದ ಪಠ್ಯಗಳು ‘ಬಲ’ವನ್ನು ಫೋರ್ಸ್‌ಗೆ, ‘ಶಕ್ತಿ’ಯನ್ನು ಎನರ್ಜಿಗೆ, ‘ಸಾಮರ್ಥ್ಯ’ವನ್ನು ಪವರ್‌ಗೆ ಮೀಸಲಿಟ್ಟಿರುವುದರಿಂದ, ವಸ್ತುವೊಂದು ಮುರಿಯುವ ಮುನ್ನ ಎಷ್ಟನ್ನು ತಡೆದುಕೊಂಡೀತು ಎಂದು ಹೇಳಲು ಪದವೇ ಉಳಿದಿಲ್ಲ.

‘ಗಡಸುತನ’ ಎಂದು ಬರೆಯುವವರಿದ್ದಾರೆ. ಅದು ತಪ್ಪೆಂದೇ ನನ್ನ ಅಭಿಪ್ರಾಯ. ಗಡಸುತನವನ್ನು ಅಳೆಯುವ ವಿಕರ್ಸ್ ಪರೀಕ್ಷೆಯಲ್ಲಿ 136 ಡಿಗ್ರಿ ಕೋನದ ವಜ್ರದ ಮೊನೆಯನ್ನು ವಸ್ತುವಿನ ಮೇಲೆ ಒತ್ತಿ, ಉಳಿದ ಕುಳಿಯ ಕರ್ಣಗಳನ್ನು ಅಳೆಯುತ್ತಾರೆ. ಅಲ್ಲಿ ಏನೂ ಮುರಿಯಬೇಕಾಗಿಲ್ಲ. ಗಾಜು ಗಡಸು, ಆದರೆ ಬಾಗಿಸಿದರೆ ಪಟ್ಟನೆ ಒಡೆಯುತ್ತದೆ.

ನನಗೆ ಬೇಕಾದ ಪದ ಬೇರೊಂದು ಪರೀಕ್ಷೆಯದು. ಹಲ್ಲಿಗೆ ಬಳಸುವ ರಾಳವಸ್ತುಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 4049ರಂತೆ ಕಾಂಪೊಸಿಟನ್ನು 25 ಮಿ.ಮೀ. ಉದ್ದ, 2 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಕಡ್ಡಿಯಾಗಿ ರೂಪಿಸಿ, 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 24 ಗಂಟೆ ಇರಿಸಿ, 20 ಮಿ.ಮೀ. ಅಂತರದ ಎರಡು ಆನಿಕೆಗಳ ಮೇಲೆ ಮಲಗಿಸಿ, ಮೇಲಿನಿಂದ ನಟ್ಟನಡುವೆ ನಿಧಾನವಾಗಿ ಒತ್ತುತ್ತಾರೆ. ಕಡ್ಡಿಯ ಮೇಲ್ಮೈ ಅದುಮಿಕೊಳ್ಳುತ್ತದೆ, ತಳಮೈ ಹಿಗ್ಗುತ್ತದೆ. ಸಾಮಾನ್ಯವಾಗಿ ಬಿರುಕು ಹೊರಡುವುದು ಆ ತಳದಲ್ಲಿ, ಸಣ್ಣದೊಂದು ಗುಳ್ಳೆಯೋ ಗೀರೋ ಇದ್ದ ಕಡೆಯಿಂದ. ಮುರಿದ ಗಳಿಗೆಯ ಬಲದಿಂದ ಲೆಕ್ಕ ಹಾಕಿದ ಪೀಡನವೇ (ಸ್ಟ್ರೆಸ್, ಅಂದರೆ ಏಕಮಾನ ವಿಸ್ತೀರ್ಣದ ಮೇಲಿನ ಬಲ) ‘ಫ್ಲೆಕ್ಶುರಲ್ ಸ್ಟ್ರೆಂಗ್ತ್’, ಬಾಗಿಸಿದಾಗಿನ ಸ್ಟ್ರೆಂಗ್ತ್. ಅಗಿಯುವ ಮೈಯಲ್ಲಿ ನೇರವಾಗಿ ತುಂಬುವ ಕಾಂಪೊಸಿಟ್‌ಗೆ ಅದು ಕನಿಷ್ಠ 80 ಮೆಗಾಪ್ಯಾಸ್ಕಲ್ (ಪೀಡನದ ಮಾನ) ಇರಬೇಕು.

ಇದಕ್ಕೆ ‘ತ್ರಾಣ’ ಒಪ್ಪುತ್ತದೆಯೇ? ಸಂಸ್ಕೃತದಲ್ಲಿ ಅದರ ಅರ್ಥ ರಕ್ಷಣೆ. ಕನ್ನಡಿಗರ ಬಾಯಲ್ಲಿ ಮಾತ್ರ ‘ಎದ್ದು ನಿಲ್ಲಲು ತ್ರಾಣವಿಲ್ಲ’, ‘ನಿತ್ರಾಣನಾದ’ ಎನ್ನುವಾಗ ಹೊರೆ ತಡೆದುಕೊಳ್ಳುವ ಕಸುವೇ ಅದರ ಅರ್ಥ, ಮತ್ತು ಯಾವ ಪಠ್ಯವೂ ಅದನ್ನು ಬೇರೆ ಪರಿಮಾಣಕ್ಕೆ ಕಟ್ಟಿಹಾಕಿದಂತಿಲ್ಲ. ‘ತಾಳಿಕೆ’ಯೂ ಒಳ್ಳೆಯ ಪದ, ಆದರೆ ‘ತಾಳಿಕೆ ಬಾಳಿಕೆ’ ಎನ್ನುವಾಗ ಕಾಲದ ಮಾತು ಒಳಗೆ ಬರುತ್ತದೆ. ಸಾವಿರಾರು ಬಾರಿ ಅಗಿದ ಮೇಲೆ ಕ್ಯಾಪ್ ಉಳಿಯುವುದೇ ಎಂಬ ಪರೀಕ್ಷೆಗೆ ಅದನ್ನು ಉಳಿಸಿಕೊಳ್ಳುವುದು ಮೇಲು.

ತೊಡಕು ಸಮಾಸದಲ್ಲಿದೆ. ‘ಬಾಗುತ್ರಾಣ’ ಎಂದರೆ ಚೆನ್ನಾಗಿ ಬಾಗಬಲ್ಲದ್ದು ಎಂದು ಓದುಗರು ತಿಳಿಯಬಹುದು. ‘ಬಾಗುತಡೆ’ ಎಂದರೆ ಬಾಗಲು ಒಪ್ಪದ ಪೆಡಸುತನವಾಗುತ್ತದೆ, ಅದು ಬೇರೆಯೇ ಅಳತೆ. ‘ಬಾಗುಮುರಿತದ ತ್ರಾಣ’ ಉದ್ದವಾದರೂ ಸದ್ಯಕ್ಕೆ ನನಗೆ ನಿಖರವೆನಿಸಿದೆ. ಬಾಗಿಸಿದಾಗ ಮರದ ತೊಲೆ ಮುರಿಯದೆ ನಿಲ್ಲುವುದಕ್ಕೆ ಬಡಗಿಗಳ ನುಡಿಯಲ್ಲಿ ಪ್ರತ್ಯೇಕ ಮಾತಿದ್ದರೆ, ಬಲ್ಲವರು ದಯವಿಟ್ಟು ತಿಳಿಸಬೇಕು.